21 ವರ್ಷ, ಏಳು ಸೂಟು, ಒಬ್ಬರೇ ಟೈಲರ್

ಈಶಾನ್ಯ ಲಂಡನ್ನಿನ ವಾಲ್ತಮ್‌ಸ್ಟೋದಲ್ಲಿ, ಸಂತೆಬೀದಿಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಸೈಪ್ರಸ್ ಮೂಲದ ಟೈಲರ್ ಒಬ್ಬರ ಬಳಿ ನಾನು 1996ರಿಂದ 2017ರವರೆಗೆ ಏಳು ಸೂಟುಗಳನ್ನು ಹೊಲಿಸಿಕೊಂಡೆ. ಅವುಗಳಲ್ಲಿ ಐದನ್ನು ಈಗಲೂ ತೊಡುತ್ತೇನೆ. ಸೂಟಿನ ಬಗ್ಗೆ ಅಭಿಪ್ರಾಯ ಬರೆಯುವವರು ಬಹುಮಟ್ಟಿಗೆ ಅದು ಕೈಗೆ ಬಂದ ವಾರದಲ್ಲೇ ಬರೆದುಬಿಡುತ್ತಾರೆ. ಆ ವಾರದಲ್ಲಿ ಎಂಥ ಸೂಟೂ ಚೆನ್ನಾಗಿಯೇ ಕಾಣುತ್ತದೆ. ಮೊಣಕಾಲು ಸವೆದು, ತೊಟ್ಟವನ ಸೊಂಟ ಎರಡು ಇಂಚು ಹೆಚ್ಚಿ, ಒಳಗಿನ ಅಸ್ತರನ್ನು ಒಮ್ಮೆ ಬದಲಾಯಿಸಿದ ಮೇಲೆಯೇ ಅದರ ಹೊಲಿಗೆ ಎಂಥದ್ದೆಂದು ತಿಳಿಯುವುದು. ನನ್ನ ಸೂಟುಗಳು ಆ ಹಂತವನ್ನು ದಾಟಿರುವುದರಿಂದ, ಅವುಗಳ ಬಗ್ಗೆಯೂ ಹೊಲಿದವರ ಬಗ್ಗೆಯೂ ಈಗ ಧೈರ್ಯವಾಗಿ ಬರೆಯಬಹುದು ಎನಿಸುತ್ತಿದೆ.

ಆ ಅಂಗಡಿಯ ದಾರಿ ತೋರಿಸಿದ್ದು ಒಂದು ಲ್ಯಾಂಬ್ರೆಟಾ ಸ್ಕೂಟರ್. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಹಿರಿಯ ಸಿಬ್ಬಂದಿಯೊಬ್ಬರು ದಿನವೂ ಆ ಸ್ಕೂಟರಿನಲ್ಲಿ ಬರುತ್ತಿದ್ದರು. ಚಿಕ್ಕಂದಿನಲ್ಲಿ ಬನಹಟ್ಟಿಯ ನಮ್ಮ ಓಣಿಯಲ್ಲಿ ನೋಡಿದ್ದ ಗಾಡಿಯನ್ನು ಲಂಡನ್ನಿನಲ್ಲಿ ಕಂಡು ನಾನೇ ಮಾತಿಗೆ ನಿಂತೆ. ಇಟಲಿಯ ಇನ್ನೊಸೆಂಟಿ ಕಾರ್ಖಾನೆಯ ಯಂತ್ರಗಳನ್ನು 1972ರಲ್ಲಿ ಕೊಂಡ ಭಾರತ ಸರ್ಕಾರದ ಸ್ಕೂಟರ್ಸ್ ಇಂಡಿಯಾ ಸಂಸ್ಥೆಯು ಲಖನೌದಲ್ಲಿ ತಯಾರಿಸಿ ಇಂಗ್ಲೆಂಡಿಗೂ ಕಳುಹಿಸಿದ್ದ ಗಾಡಿ ಅದು ಎಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. 1964ರಲ್ಲಿ ಅವರಿಗೆ ಹದಿನೇಳು ವರ್ಷ. ಆ ವರ್ಷದ ಮೇ ತಿಂಗಳಲ್ಲಿ ಬ್ರೈಟನ್ ಕಡಲತೀರದಲ್ಲಿ, ಸೂಟು ತೊಟ್ಟು ಸ್ಕೂಟರ್ ಓಡಿಸುತ್ತಿದ್ದ 'ಮಾಡ್' ಯುವಕರಿಗೂ ಚರ್ಮದ ಜಾಕೆಟ್ಟು ತೊಟ್ಟು ಮೋಟರ್‌ಸೈಕಲ್ ಓಡಿಸುತ್ತಿದ್ದ 'ರಾಕರ್'ಗಳಿಗೂ ನಡೆದ ಹೊಡೆದಾಟದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ತಾವು ಆ ದಿನ ಅಲ್ಲಿದ್ದರೂ, ಹೊಸ ಪ್ಯಾಂಟು ಕೊಳೆಯಾದೀತೆಂದು ಗಲಾಟೆಯ ಹತ್ತಿರಕ್ಕೂ ಹೋಗಲಿಲ್ಲ ಎಂದು ಅವರು ಬಹಳ ಗಂಭೀರವಾಗಿ ಹೇಳಿದರು. ಆ ಪ್ಯಾಂಟನ್ನು ಹೊಲಿದವರು ಇನ್ನೂ ಕತ್ತರಿ ಹಿಡಿದಿದ್ದಾರೆ ಎಂಬ ಮಾತು ಅದರ ಹಿಂದೆಯೇ ಬಂತು. ನನಗೆ ಮುಂದಿನ ತಿಂಗಳುಗಳಲ್ಲಿ ಹುದ್ದೆಯ ಸಂದರ್ಶನವಿತ್ತು, ಸೂಟು ಬೇಕಿತ್ತು.

'ಮಾಡ್ ಡ್ರೆಸ್' ಎಂದರೆ ಹೊಸ ಫ್ಯಾಷನ್ನಿನ ಬಟ್ಟೆ ಎಂಬಷ್ಟೇ ಅರ್ಥದಲ್ಲಿ ಆ ಪದವನ್ನು ನಾವು ಕನ್ನಡದಲ್ಲಿ ಬಳಸಿದ್ದುಂಟು. ಲಂಡನ್ನಿನಲ್ಲಿ ಅದಕ್ಕೆ ಇನ್ನಷ್ಟು ಖಚಿತವಾದ ಅರ್ಥವಿದೆ. 1950ರ ದಶಕದ ಕೊನೆಯಲ್ಲಿ ಆಧುನಿಕ ಜಾಝ್ ಕೇಳುತ್ತಿದ್ದ, ತಮ್ಮನ್ನು 'ಮಾಡರ್ನಿಸ್ಟ್' ಎಂದು ಕರೆದುಕೊಂಡ ಯುವಕರ ಒಂದು ಸಣ್ಣ ಗುಂಪು, ಆಗಷ್ಟೇ ಇಟಲಿಯಿಂದ ಬಂದಿದ್ದ ಗಿಡ್ಡ ಕೋಟು, ಕಿರಿದಾದ ಪ್ಯಾಂಟುಗಳ ಶೈಲಿಯನ್ನು ತಮ್ಮದಾಗಿಸಿಕೊಂಡಿತು. ಗ್ಲಾಸ್ಗೋದಿಂದ ಬಂದ ಜಾನ್ ಸ್ಟೀಫನ್ ಕಾರ್ನಬಿ ಬೀದಿಯಲ್ಲಿ ಒಂದಾದ ಮೇಲೊಂದು ಅಂಗಡಿ ತೆರೆದು ಸಿದ್ಧ ಉಡುಪನ್ನು ಮಾರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಬಟ್ಟೆಯ ವಿಷಯದಲ್ಲಿ ನಿಜಕ್ಕೂ ಹಟ ಹಿಡಿದವರು ಸಿದ್ಧ ಉಡುಪನ್ನು ಮುಟ್ಟುತ್ತಿರಲಿಲ್ಲ. ಬಿಷಪ್ಸ್‌ಗೇಟ್‌ನ ಬಿಲ್ಗೋರಿಯಂಥ ಹೆಸರಾಂತ ಟೈಲರ್‌ಗಳ ಬಳಿಗೋ, ತಮ್ಮ ಬಡಾವಣೆಯ ಯಹೂದಿ ಟೈಲರ್ ಬಳಿಗೋ ಹೋಗಿ, ಗುಂಡಿ ಎಷ್ಟು, ಲ್ಯಾಪೆಲ್ (ಎದೆಯ ಮೇಲೆ ಹೊರಕ್ಕೆ ಮಡಿಚಿದ ಕೋಟಿನ ಅಂಚು) ಎಷ್ಟು ಅಗಲ, ಕೋಟಿನ ಹಿಂದಿನ ಸೀಳು ಎಷ್ಟು ಇಂಚು ಎಂದು ತಾವೇ ಚಿತ್ರ ಬರೆದು ಕೊಟ್ಟು, ವಾರದ ಸಂಬಳದಲ್ಲಿ ಕಂತು ಕಟ್ಟಿ ಸೂಟು ಹೊಲಿಸಿಕೊಳ್ಳುತ್ತಿದ್ದರು. ಹೇಳಿ ಮಾಡಿಸಿದ ಹಾಗಿದೆ ಎಂದು ನಾವು ಯಾವುದಕ್ಕೋ ಅನ್ನುತ್ತೇವಲ್ಲ, ಆ ಮಾತು ಈ ಸೂಟುಗಳಿಗೆ ಅಕ್ಷರಶಃ ಸಲ್ಲುತ್ತದೆ. ಮೇಲೆ ತೊಡುತ್ತಿದ್ದ ಅಮೆರಿಕನ್ ಸೈನ್ಯದ ಪಾರ್ಕಾ ಎಂಬ ಟೋಪಿಯುಳ್ಳ ದೊಗಲೆ ಕೋಟು ಕೂಡ, ಸ್ಕೂಟರ್ ಓಡಿಸುವಾಗ ಒಳಗಿನ ಸೂಟಿಗೆ ಮಳೆ, ಎಣ್ಣೆ ತಾಗದಿರಲಿ ಎಂಬ ಕಾಳಜಿಯಿಂದ ಬಂದದ್ದು.

ನಮ್ಮ ಟೈಲರ್ ಹದಿನಾಲ್ಕನೆಯ ವಯಸ್ಸಿಗೆ ಸೈಪ್ರಸ್ಸಿನಿಂದ ಬಂದು ವೈಟ್‌ಚಾಪೆಲ್ಲಿನ ಯಹೂದಿ ಗುರುವೊಬ್ಬರ ಕೈಕೆಳಗೆ ಕೆಲಸ ಕಲಿತವರು. ಮೊದಲ ವರ್ಷ ಕಾಜಾ ಹೊಲಿಯುವುದನ್ನು ಬಿಟ್ಟು ಬೇರೇನನ್ನೂ ಮಾಡಿಸಲಿಲ್ಲವಂತೆ. ನಾನು ಮೊದಲ ಸಲ ಹೋದಾಗ ಅವರು ಟೇಪು ಕೈಗೆತ್ತಿಕೊಳ್ಳುವ ಮುನ್ನ ಕಾಲು ಗಂಟೆ ಸುಮ್ಮನೆ ಮಾತನಾಡಿಸಿದರು. ಬಾಗಿಲವರೆಗೆ ನಡೆದು ಬರಲು ಹೇಳಿದರು. ಮೇಲಿನ ಕಪಾಟಿನ ಬಟ್ಟೆಯ ಮಾದರಿ ಪುಸ್ತಕವನ್ನು ನನ್ನಿಂದಲೇ ತೆಗೆಸಿದರು. ಆ ಹೊತ್ತಿನಲ್ಲಿ ಅವರು ನನ್ನ ಮೈಯನ್ನು ಓದುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. "ಡಾಕ್ಟರೇ, ನಿಮ್ಮ ಬಲಭುಜ ಎಡಭುಜಕ್ಕಿಂತ ಕಾಲಿಂಚಿಗೂ ತುಸು ಹೆಚ್ಚೇ ಕೆಳಗಿದೆ. ಹಾಸಿಗೆಯ ಮೇಲೆ ಬಾಗಿ ಬಾಗಿ ಕತ್ತು ಮುಂದಕ್ಕೆ ಬಂದಿದೆ. ಇವೆರಡನ್ನೂ ನಾನು ಮುಚ್ಚಿಡುತ್ತೇನೆ, ಆದರೆ ನೀವು ನೆಟ್ಟಗೆ ನಿಂತುಕೊಳ್ಳುವ ಶ್ರಮ ತೆಗೆದುಕೊಳ್ಳಬೇಡಿ, ಹೇಗೆ ನಿಲ್ಲುತ್ತೀರೋ ಹಾಗೆಯೇ ನಿಲ್ಲಿ," ಎಂದರು. ಕೋಟಿನ ಬೆನ್ನನ್ನು ಎದೆಗಿಂತ ತುಸು ಉದ್ದ ಕತ್ತರಿಸಿ, ಬಲಭುಜದಡಿ ತೆಳುವಾದ ಒಂದು ಪದರ ಹೆಚ್ಚು ಇಟ್ಟು ಅವರು ಅದನ್ನು ಸಾಧಿಸಿದರು. ಇಷ್ಟು ವರ್ಷಗಳಲ್ಲಿ ಯಾವ ಕೋಟಿನ ಕಾಲರೂ ನನ್ನ ಕತ್ತಿನಿಂದ ದೂರ ಸರಿದು ನಿಂತದ್ದಿಲ್ಲ. ಸಿದ್ಧ ಉಡುಪಿನ ಕೋಟುಗಳಲ್ಲಿ ನಾನು ಒಮ್ಮೆಯೂ ಪಡೆಯದ ಸುಖ ಇದು.

ಮಾಡ್ ಸೂಟಿನ ಅಂದ ಕಿರಿದಾದ ಲ್ಯಾಪೆಲ್ಲಿನಲ್ಲಿದೆ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಲ್ಯಾಪೆಲ್ಲನ್ನು ಯಾರು ಬೇಕಾದರೂ ಕಿರಿದಾಗಿಸಬಹುದು. ಭುಜ ಎಲ್ಲಿ ಮುಗಿಯಬೇಕು, ಮೂರು ಗುಂಡಿಗಳಲ್ಲಿ ನಡುವಿನದು ಸೊಂಟದಿಂದ ಎಷ್ಟು ಮೇಲೆ ಕೂರಬೇಕು, ಕೋಟನ್ನು ಎಷ್ಟು ಗಿಡ್ಡ ಮಾಡಿದರೆ ಕಾಲು ಉದ್ದವಾಗಿ ಕಾಣುತ್ತದೆ, ಎಲ್ಲಿ ಮೀರಿದರೆ ಮನುಷ್ಯ ಹುಡುಗನ ಬಟ್ಟೆ ತೊಟ್ಟಂತೆ ಕಾಣುತ್ತಾನೆ ಎಂಬ ಲೆಕ್ಕ ಕಷ್ಟದ್ದು. ನನ್ನ ಮೊದಲ ಸೂಟಿನ ಲ್ಯಾಪೆಲ್ ಎರಡೂವರೆ ಇಂಚು, ಪಕ್ಕದ ಸೀಳುಗಳು ಒಂಬತ್ತು ಇಂಚು, ಪ್ಯಾಂಟಿನ ಅಂಚಿನ ಸುತ್ತಳತೆ ಹದಿನಾರು ಇಂಚು. ಓರೆ ಜೇಬುಗಳ ಮೇಲೆ ಒಂದು ಸಣ್ಣ ಟಿಕೆಟ್ ಜೇಬು. ಹದಿನೈದು ಇಂಚಿನ ಪ್ಯಾಂಟು ಬೇಕೆಂದು ನಾನು ಹಟ ಮಾಡಿದ್ದಕ್ಕೆ ಅವರು ಒಪ್ಪಲಿಲ್ಲ. ನನ್ನ ಪಾದದ ಉದ್ದಕ್ಕೆ ಅದು ಹೊಂದುವುದಿಲ್ಲ ಎಂದರು. ಎರಡನೆಯ ಸೂಟಿನಲ್ಲಿ ಹಟ ಗೆದ್ದೆ. ಗೆದ್ದ ಆ ಪ್ಯಾಂಟನ್ನು ನಾಲ್ಕಾರು ಸಲಕ್ಕಿಂತ ಹೆಚ್ಚು ತೊಟ್ಟಿಲ್ಲ.

ಬಟ್ಟೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಮಗ್ಗದ ಮನೆಯವನು. ಲಾಳಿಯ ಸದ್ದಿನಲ್ಲಿ ಬೆಳೆದವನು. ಮಾಡ್ ಸೂಟಿಗೆ ಹೆಸರಾದದ್ದು ಅಂಗೋರಾ ಮೇಕೆಯ ಕೂದಲಿನಿಂದ ತೆಗೆದ ಮೋಹೇರ್ ನೂಲನ್ನು ಉಣ್ಣೆಯೊಂದಿಗೆ ಸೇರಿಸಿ ನೇಯ್ದ ಬಟ್ಟೆ. ಡೋರ್ಮೆಯ್ ಕಂಪನಿ 1957ರಲ್ಲಿ 'ಟಾನಿಕ್' ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದ ಮೇಲೆ ಆ ಹೆಸರೇ ಬಳಕೆಗೆ ನಿಂತಿತು. ಉದ್ದಕ್ಕೆ ಹಾಯುವ ಹಾಸಿನಲ್ಲಿ ಒಂದು ಬಣ್ಣದ, ಅಡ್ಡಕ್ಕೆ ಹಾಯುವ ಹೊಕ್ಕಿನಲ್ಲಿ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದಾಗ, ನಮ್ಮ ಡಬಲ್ ಶೇಡ್ ರೇಷ್ಮೆ ಸೀರೆಯಂತೆಯೇ, ಬೆಳಕು ಬಿದ್ದ ಕಡೆ ಬಣ್ಣ ಹೊರಳುತ್ತದೆ. ನನ್ನ ಮೂರನೆಯ ಸೂಟಿನ ಹಾಸು ಕಡುನೀಲಿ, ಹೊಕ್ಕು ಇಟ್ಟಿಗೆಗೆಂಪು. ತೋಳು ಮಡಿಸಿದಾಗ ಮೊಣಕೈಯ ಮಡಿಕೆಯಲ್ಲಿ ಕೆಂಪು ಒಂದು ಗಳಿಗೆ ಮಿಂಚಿ, ತೋಳು ಇಳಿಸಿದೊಡನೆ ನೀಲಿಯಲ್ಲಿ ಮುಳುಗುತ್ತದೆ. ಬಟ್ಟೆಯ ಅಂಚನ್ನು ಬಿಡಿಸಿ, ಒಂದು ಎಳೆ ಕಿತ್ತು, ಎರಡು ಬೆರಳುಗಳ ನಡುವೆ ತಿರುಚಿ ನೋಡುತ್ತಿದ್ದ ನನ್ನನ್ನು ಟೈಲರ್ ಆ ದಿನ ಬಹಳ ಹೊತ್ತು ಗಮನಿಸಿದರು. ನಮ್ಮ ತಂದೆ ನೇಕಾರರು ಎಂದು ತಿಳಿದ ಮೇಲೆ, ಹೊಸ ಬಟ್ಟೆಯ ಥಾನು ಬಂದಾಗಲೆಲ್ಲ ನನ್ನ ಕೈಗೊಮ್ಮೆ ಕೊಡುವುದು ಅವರ ರೂಢಿಯಾಯಿತು.

ಒಂದು ಸೂಟಿಗೆ ಮೂರು ಟ್ರಯಲ್. ಮೊದಲನೆಯದರಲ್ಲಿ ಬಿಳಿ ಹತ್ತಿದಾರದ ಕಚ್ಚಾ ಹೊಲಿಗೆಯಲ್ಲಿ ನಿಂತ, ಕಾಲರಿಲ್ಲದ, ಜೇಬಿಲ್ಲದ ಕೋಟು. ತೋಳನ್ನು ಭುಜಕ್ಕೆ ಸೂಜಿಪಿನ್ನಿನಿಂದ ಸಿಕ್ಕಿಸಿ, ನನ್ನ ಕೈ ತಾನಾಗಿ ಹೇಗೆ ಇಳಿಬೀಳುತ್ತದೆ ಎಂದು ನೋಡಿ, ಪಿನ್ನು ತೆಗೆದು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಸಿಕ್ಕಿಸುತ್ತಿದ್ದರು. ಎದೆಯ ಒಳಗೆ ಕುದುರೆಗೂದಲು ಸೇರಿಸಿ ನೇಯ್ದ ಕ್ಯಾನ್ವಾಸನ್ನು ಸಾವಿರಾರು ಸಣ್ಣ ಕೈಹೊಲಿಗೆಗಳಿಂದ ಬಟ್ಟೆಗೆ ಹಿಡಿಸುವ ಕೆಲಸಕ್ಕೆ ಹೆಚ್ಚು ಸಮಯ ಬೇಕು. ಅಗ್ಗದ ಕೋಟುಗಳಲ್ಲಿ ಇದರ ಬದಲು ಅಂಟಿನಿಂದ ಬಿಸಿ ಒತ್ತಿ ಕೂರಿಸಿದ ಪದರ ಇರುತ್ತದೆ. ಕೆಲವು ಸಲ ಡ್ರೈಕ್ಲೀನಿಂಗ್ ಆದ ಮೇಲೆ ಆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುವುದನ್ನು ಅನೇಕರು ಕಂಡಿರಬಹುದು. ನನ್ನ 1996ರ ಕೋಟಿನ ಎದೆ ಇಂದಿಗೂ ಹಾಗೆಯೇ ಇದೆ. ಲ್ಯಾಪೆಲ್ ಮಡಿಕೆ ಗೆರೆ ಎಳೆದಂತೆ ಇಲ್ಲದೆ, ಎಲೆ ಬಾಗಿದಂತೆ ಮೆಲ್ಲನೆ ಹೊರಳುತ್ತದೆ.

ಹಾಳಾದದ್ದನ್ನೂ ಹೇಳುತ್ತೇನೆ. ಮೋಹೇರ್ ಎಳೆ ಗಡಸು. ಸುಕ್ಕು ಹಿಡಿಯುವುದಿಲ್ಲ, ಸೆಕೆಯಲ್ಲಿ ಗಾಳಿಯಾಡುತ್ತದೆ, ಆದರೆ ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಇಸ್ತ್ರಿ ಬಿದ್ದರೆ ಕಡಿಯುತ್ತದೆ. ನಾಲ್ಕನೆಯ ಸೂಟಿನ ಪ್ಯಾಂಟು ಎಂಟನೆಯ ವರ್ಷ ಮೊಣಕಾಲಿನ ಗೆರೆಯಲ್ಲೇ ಬ್ಲೇಡಿನಿಂದ ಸೀಳಿದಂತೆ ಬಿಟ್ಟುಕೊಂಡಿತು. ಒಂದು ಕೋಟಿಗೆ ಎರಡು ಪ್ಯಾಂಟು ಹೊಲಿಸಿ ಎಂದು ಟೈಲರ್ ಮೊದಲೇ ಹೇಳಿದ್ದರು. ದುಡ್ಡು ಉಳಿಸಲು ನಾನು ಕೇಳಿರಲಿಲ್ಲ. ಇನ್ನೊಮ್ಮೆ ನಮ್ಮ ಮನೆಯ ಹತ್ತಿರದ ಡ್ರೈಕ್ಲೀನಿಂಗ್ ಅಂಗಡಿಯೊಂದು ಮೂರನೆಯ ಸೂಟಿನ ಲ್ಯಾಪೆಲ್ಲನ್ನು ಚಪ್ಪಟೆಯಾಗಿ ಒತ್ತಿ, ಬಟ್ಟೆಯ ಮೇಲೆ ಗಾಜಿನಂಥ ಹೊಳಪು ಬರಿಸಿ ಕೊಟ್ಟಿತು. ನನಗೆ ಕಣ್ಣಲ್ಲಿ ನೀರು ಬಂದಿತ್ತು. ಟೈಲರ್ ಬೈಯಲಿಲ್ಲ. ಒದ್ದೆ ಬಟ್ಟೆ ಹಾಸಿ, ಹಬೆ ಕೊಟ್ಟು, ಲ್ಯಾಪೆಲ್ಲನ್ನು ತಮ್ಮ ಅಂಗೈಯ ಮೇಲೆ ಹೊರಳಿಸುತ್ತ ಒಂದು ಮಧ್ಯಾಹ್ನವನ್ನೇ ಅದಕ್ಕೆ ಕೊಟ್ಟರು. ಹಾಗೆ ಕೊಟ್ಟದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಾನು ಸೂಟನ್ನು ಬ್ರಷ್ಷಿನಿಂದ ಒರೆಸಿ ಗಾಳಿಗೆ ತೂಗುಹಾಕುತ್ತೇನೆ. ವರ್ಷಕ್ಕೊಮ್ಮೆಗಿಂತ ಹೆಚ್ಚು ಡ್ರೈಕ್ಲೀನಿಂಗಿಗೆ ಕೊಡುವುದಿಲ್ಲ.

ಕೋಟಿನ ಮುಂಗೈಯಲ್ಲಿ ನಿಜವಾಗಿ ಬಿಚ್ಚಬಹುದಾದ ಗುಂಡಿಗಳಿರುವುದನ್ನು ಇಲ್ಲಿ ಸರ್ಜನ್ನರ ತೋಳು ಎನ್ನುತ್ತಾರೆ. ಕೋಟು ತೆಗೆಯದೆಯೇ ತೋಳು ಮೇಲೇರಿಸಲು ವೈದ್ಯರಿಗೆ ಅನುಕೂಲವಾಗಲೆಂದು ಬಂದದ್ದು ಎಂಬ ಮಾತಿದೆ. ನನಗೆ ಆ ನಾಲ್ಕು ಕಾಜಾಗಳನ್ನು ಟೈಲರ್ ವಿಶೇಷ ಪ್ರೀತಿಯಿಂದ ಹೊಲಿದಿದ್ದರು. ಆದರೆ ಸೋಂಕು ತಡೆಯಲೆಂದು ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲಿ ಮೊಣಕೈ ಕೆಳಗೆ ಬಟ್ಟೆ, ಗಡಿಯಾರ ಯಾವುದೂ ಇರಬಾರದೆಂಬ ನಿಯಮ ತಂದ ಮೇಲೆ ವಾರ್ಡಿನೊಳಗೆ ಕೋಟು ತೊಡುವುದೇ ನಿಂತಿತು. ನಿಯಮ ಸರಿಯಾದದ್ದೇ. ಈ ಸುದ್ದಿ ಕೇಳಿದ ಟೈಲರ್ ಐದನೆಯ ಸೂಟಿನ ಪ್ಯಾಂಟಿನ ಸೊಂಟವನ್ನು ಬೇರೆ ರೀತಿ ಕತ್ತರಿಸಿದರು. ಬೆಲ್ಟಿನ ಕುಣಿಕೆಗಳನ್ನು ತೆಗೆದು ಪಕ್ಕದಲ್ಲಿ ಬಿಗಿಮಾಡುವ ಪಟ್ಟಿ ಇಟ್ಟರು. ಕೋಟಿಲ್ಲದೆ ಬರೀ ಅಂಗಿಯಲ್ಲಿ ನಿಂತರೂ ಚೆನ್ನಾಗಿ ಕಾಣಬೇಕು ಎಂಬುದು ಅವರ ಯೋಚನೆ. ನಾನು ಕೇಳಿರಲಿಲ್ಲ.

ಕೊರತೆಗಳಿದ್ದವು. ಎಂಟು ವಾರ ಎಂದದ್ದು ಹನ್ನೆರಡು ವಾರವಾಗುತ್ತಿತ್ತು, ಫೋನ್ ಎತ್ತುತ್ತಿರಲಿಲ್ಲ, ಕೊನೆಯವರೆಗೂ ನಗದು, ಚೆಕ್ ಎರಡೇ. ಕಂದು ಬಣ್ಣದ ಬಟ್ಟೆ ಕೇಳಿದರೆ ಮಾತು ಬದಲಿಸುತ್ತಿದ್ದರು. ಬೆಲೆ ಲಂಡನ್ನಿನ ದುಬಾರಿ ಟೈಲರ್‌ಗಳ ಬೀದಿಯಾದ ಸೆವಿಲ್ ರೋದ ಅಂಗಡಿಗಳದರ ಹತ್ತಿರಕ್ಕೂ ಬರುತ್ತಿರಲಿಲ್ಲವಾದರೂ, ಮೊದಲ ಸೂಟಿಗಾಗಿ ನಾನು ಕಿರಿಯ ವೈದ್ಯನ ಸಂಬಳದಲ್ಲಿ ಐದು ತಿಂಗಳು ಕಂತು ಕಟ್ಟಿದ್ದೆ. ಆ ಸೂಟಿನ ಬೆನ್ನಿನ ನಡುಹೊಲಿಗೆಯಲ್ಲೂ ಪ್ಯಾಂಟಿನ ಹಿಂಬದಿಯಲ್ಲೂ ಅವರು ಒಳಗೆ ಬಿಟ್ಟಿದ್ದ ಹೆಚ್ಚುವರಿ ಬಟ್ಟೆಯಿಂದಾಗಿ ಅದನ್ನು ಎರಡು ಸಲ ಅಗಲ ಮಾಡಿಸಿಕೊಂಡಿದ್ದೇನೆ. ಕೊಟ್ಟ ಹಣ ಎಂದೋ ವಸೂಲಾಗಿದೆ.

2017ರಲ್ಲಿ ಕಣ್ಣು ಮಂಜಾಗಿ ಅವರು ಅಂಗಡಿ ಮುಚ್ಚಿದರು. ಹಿಂಬದಿಯ ಗೋಡೆಗೆ ಕೊಕ್ಕೆಯಲ್ಲಿ ತೂಗುತ್ತಿದ್ದ ಕಂದು ಕಾಗದದ ನೂರಾರು ನಮೂನೆಗಳಲ್ಲಿ ನನ್ನದನ್ನು ಹುಡುಕಿ ತೆಗೆದು, ದಾರ ಕಟ್ಟಿ ಕೈಗಿಟ್ಟರು. ಅದರ ಅಂಚುಗಳ ಮೇಲೆ ಪೆನ್ಸಿಲ್ಲಿನಲ್ಲಿ ಇಸವಿ ಹಾಕಿ ಬರೆದ ತಿದ್ದುಪಡಿಗಳಿವೆ: 2003, ಸೊಂಟ ಮುಕ್ಕಾಲಿಂಚು, 2009, ಇನ್ನೊಂದಿಂಚು, 2014, ಬೆನ್ನು ಬಾಗಿದ್ದು ಹೆಚ್ಚಾಗಿದೆ.

ಕಳೆದ ವರ್ಷ ಅದೇ ನಮೂನೆಯನ್ನು ಇನ್ನೊಬ್ಬ ಯುವ ಟೈಲರ್‌ಗೆ ಕೊಟ್ಟು ಎಂಟನೆಯ ಸೂಟಿಗೆ ಬಟ್ಟೆ ಆರಿಸಿದೆ. ಭುಜ ಸರಿಯಾಗಿ ಕೂತಿತು, ಕಾಲರ್ ಕತ್ತಿಗೆ ಒರಗಿತು, ಆದರೆ ಎರಡೂ ತೋಳುಗಳ ಹಿಂಭಾಗದಲ್ಲಿ ಓರೆಯಾದ ಮಡಿಕೆಗಳು ಬಂದವು. ತೋಳನ್ನು ಎಷ್ಟು ತಿರುಗಿಸಿ ಕೂರಿಸಬೇಕೆಂಬುದನ್ನು ಹಿಂದಿನವರು ಪ್ರತಿ ಸಲವೂ ಕಣ್ಣಳತೆಯಲ್ಲೇ ಮಾಡಿದ್ದರಿಂದ ಕಾಗದದಲ್ಲಿ ಅದರ ಗುರುತೇ ಇಲ್ಲ. ನಾನು 1996ರ ಕೋಟನ್ನು ಒಯ್ದು ತೋರಿಸಿದೆ. ಆ ಹುಡುಗ ಅದರ ತೋಳಿನ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ, ಹೊಸ ಕೋಟಿನ ತೋಳುಗಳನ್ನು ಬಿಚ್ಚಿ, ಸೀಮೆಸುಣ್ಣದಿಂದ ಹೊಸ ಗುರುತು ಹಾಕಿಕೊಂಡ. ಆಮೇಲೆ ಪೆನ್ಸಿಲ್ ಕೇಳಿ ಪಡೆದು, ಅದೇ ಗುರುತನ್ನು ಹಳೆಯ ಕಾಗದದ ಮೇಲೂ ಇಸವಿ ಸಮೇತ ಬರೆದಿಟ್ಟ. ಮುಂದಿನ ಶನಿವಾರ ಮೂರನೆಯ ಟ್ರಯಲ್ ಇದೆ.