ಮುದಿ ಹಾವಿಗೆ ಕಫ ಕಟ್ಟಿದಾಗ: ನಾನು ಮಾಡಿ ನೋಡಿದ್ರಲ್ಲಿ ಯಾವುದು ನಡೀತು, ಯಾವುದು ದಂಡ

ಗುಂಡನಿಗೆ ಈಗ 22 ವರ್ಷ. ಬಾಲ್ ಪೈಥಾನ್, ಅಂದ್ರೆ ಆಫ್ರಿಕಾ ಕಡೆ ಹಾವು, ನಮ್ಮ ಕಾಡಿನ ಹೆಬ್ಬಾವಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ ಯಾಕಂದ್ರೆ ನಮ್ಮ ತೀರ್ಥಹಳ್ಳಿ ಕಡೆ ಮನೇಲಿ ಹಾವು ಸಾಕಿದೀನಿ ಅಂದ ತಕ್ಷಣ ಅರ್ಧ ಜನ ಕೈ ಮುಗೀತಾರೆ, ಇನ್ನರ್ಧ ಜನ ಫಾರೆಸ್ಟಿನವರಿಗೆ ಫೋನ್ ಮಾಡ್ತಾರೆ. ನಮ್ಮ ನೆಲದ ಹಾವನ್ನ ಮನೇಲಿ ಇಟ್ಕೊಳ್ಳಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡಲ್ಲ, ಸರಿನೇ ಅದು. ಇವನನ್ನ ಸಾಕಿದ್ದು ಬೆಂಗಳೂರಲ್ಲಿದ್ದ ನಮ್ಮ ಭಾವ, ಅವರು 2011ರಲ್ಲಿ ದುಬೈಗೆ ಹೊರಟಾಗ ಅಕ್ಷರಶಃ ನನ್ನ ಕೊರಳಿಗೆ ಬಿದ್ದ. 2020ರಲ್ಲಿ ಕೇಂದ್ರದವರು ವಿದೇಶಿ ಪ್ರಾಣಿ ಇಟ್ಕೊಂಡಿರೋರು ತಾವಾಗೇ ಹೇಳ್ಕೊಳ್ಳಿ ಅಂದಾಗ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್ಲಲ್ಲಿ ಬರೆಸಿದೀನಿ, ಕಾಗದ ಇದೆ.

ಹೋದ ಮಳೆಗಾಲ ಶುರುವಲ್ಲೇ ಮೂಗಿನ ತುದೀಲಿ ಸಣ್ಣ ಗುಳ್ಳೆ ಕಂಡ್ತು. ಎರಡು ದಿನ ಬಿಟ್ಟು ಎತ್ತಿ ಕಿವಿ ಹತ್ರ ಹಿಡಿದ್ರೆ ಒಳಗೆ ಹಸಿ ಕಟ್ಟಿಗೆ ಒಲೇಲಿ ಚಿಟಚಿಟ ಅನ್ನತ್ತಲ್ಲ, ಅದೇ ಸದ್ದು. ಆಮೇಲೆ ಬಾಯಿ ತೆರ್ಕೊಂಡು ತಲೆ ಮೇಲೆತ್ತಿ ಪೆಟ್ಟಿಗೆ ಗಾಜಿಗೆ ಒರಗಿಸ್ಕೊಂಡು ಕೂರಕ್ಕೆ ಶುರು ಮಾಡ್ದ. ಹಾವಿಗೆ ನಮಗಿರೋ ಹಾಗೆ ವಪೆ, ಅಂದ್ರೆ ಎದೆ ಹೊಟ್ಟೆ ನಡುವಿನ ಪರದೆ ಇಲ್ಲ, ಕೆಮ್ಮಿ ಕಫ ಆಚೆ ಹಾಕಕ್ಕೆ ಬರಲ್ಲ, ಅದರ ಕೀವು ಕೂಡ ನೀರು ನೀರಾಗಿರಲ್ಲ, ಗಿಣ್ಣಿನ ಹಾಗೆ ಗಟ್ಟಿ, ಹಂಗಾಗಿ ಒಳಗೆ ಕಟ್ಟಿದ್ದು ಅಲ್ಲೇ ಕೂರತ್ತೆ. ವಯಸ್ಸಾದ ಹಾವಿಗೆ ಇದು ನೆಗಡಿ ಅಲ್ಲ, ನ್ಯುಮೋನಿಯಾ ದಾರಿ.

ಮೊದಲು ಶಾಖದ ವಿಷಯ, ಯಾಕಂದ್ರೆ ಇದರಲ್ಲೇ ನಾನು ಜಾಸ್ತಿ ತಪ್ಪು ಮಾಡಿದ್ದು. ಹಾವಿನ ಮೈಯಲ್ಲಿ ರೋಗದ ಜೊತೆ ಹೊಡೆದಾಡೋ ಶಕ್ತಿ ಹೊರಗಿನ ಬಿಸಿ ಮೇಲೆ ನಿಂತಿದೆ, ಮೈ ತಣ್ಣಗಿದ್ರೆ ಎಂಥ ಔಷಧಿ ಕೊಟ್ರೂ ಅಷ್ಟಕ್ಕಷ್ಟೇ. ಬೆಚ್ಚಗಿನ ಮೂಲೇಲಿ 32 ಡಿಗ್ರಿ ಬೇಕು, ಕಾಯಿಲೆ ಇದ್ದಾಗ ರಾತ್ರಿನೂ ಇಳಿಸೋ ಹಾಗಿಲ್ಲ. ನಮ್ಮಲ್ಲಿ ಆಷಾಢದ ರಾತ್ರಿ ಹೆಂಗಿರತ್ತೆ ಅಂತ ಗೊತ್ತಲ್ಲ, ಹಾಸಿಗೆನೇ ಒದ್ದೆ ಅನ್ಸತ್ತೆ. ನನ್ನ ಹತ್ರ ಇದ್ದಿದ್ದು ಹೀಟ್ ಮ್ಯಾಟ್, ಪೆಟ್ಟಿಗೆ ಅಡಿಗೆ ಹಾಸೋದು, ಕರೆಂಟು ಕಮ್ಮಿ ತಿನ್ನತ್ತೆ, ಇಷ್ಟು ವರ್ಷ ಅದರಲ್ಲೇ ನಡೀತು. ಆದ್ರೆ ಮ್ಯಾಟ್ ನೆಲ ಬಿಸಿ ಮಾಡತ್ತೆ, ಗಾಳಿ ಬಿಸಿ ಮಾಡಲ್ಲ, ಉಸಿರಾಟದ ಕಾಯಿಲೆಗೆ ಬೇಕಾಗಿರೋದು ಬೆಚ್ಚಗಿನ ಗಾಳಿ. ಇನ್ನೊಂದು, ಚುರುಕಾಗಿರೋ ಹಾವು ಬಿಸಿ ಜಾಸ್ತಿ ಆದ್ರೆ ಜಾಗ ಬದಲಿಸತ್ತೆ, ಹುಷಾರಿಲ್ಲದ ಮುದಿ ಹಾವು ಬಿದ್ದಲ್ಲೇ ಬಿದ್ದಿರತ್ತೆ. ಒಂದಿನ ಬಿಸಿ ಹತೋಟಿ ಮಾಡೋ ಥರ್ಮೋಸ್ಟಾಟ್ ವೈರಿನ ತುದಿ ಜಾರಿ ಪಕ್ಕಕ್ಕೆ ಬಿದ್ದಿದ್ದು ನಾನು ನೋಡಿರ್ಲಿಲ್ಲ, ಬೆಳಿಗ್ಗೆ ಎತ್ತಿದ್ರೆ ಹೊಟ್ಟೆ ಅಡಿ ಮೂರು ಹುರುಪೆ ಕಾವಲಿ ಮೇಲೆ ಸೀದ ದೋಸೆ ಅಂಚಿನ ಬಣ್ಣ ಆಗಿತ್ತು. ಆ ಗಾಯ ಮಾಯಕ್ಕೆ ಎರಡು ಸಲ ಪೊರೆ ಬಿಡ್ಬೇಕಾಯ್ತು.

ಆಮೇಲೆ ಸಿರಾಮಿಕ್ ಹೀಟರ್ ತರಿಸಿದೆ, ಬಲ್ಬಿನ ಹಾಗೆ ಹೋಲ್ಡರಿಗೆ ಹಾಕೋದು, ಬೆಳಕು ಬರಲ್ಲ ಬರೀ ಬಿಸಿ, 100 ವ್ಯಾಟ್. ಬೇರೆ ಊರಿನವರು ಇದು ಗಾಳಿ ಒಣಗಿಸತ್ತೆ ಅಂತ ಬೈತಾರೆ, ನಮ್ಮ ಮಳೆಗಾಲಕ್ಕೆ ಅದೇ ವರ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೇಳೋದಾದ್ರೆ ಹುಷಾರಾಗಿರೋ ಹಾವಿಗೆ ಮ್ಯಾಟ್ ಸಾಕು, ಕಫ ಕಟ್ಟಿದ ಹಾವಿಗೆ ಸಿರಾಮಿಕ್ಕೇ. ಹೀಟರ್ ಸುತ್ತ ಜಾಲರಿ ಕಟ್ಟೋದು ಮಾತ್ರ ಮರೀಬೇಡಿ, ಇಲ್ಲಾಂದ್ರೆ ಹೋಗಿ ಸುತ್ಕೊಳ್ತವೆ, ಸುಟ್ಕೊಳ್ತವೆ.

ಆದ್ರೆ ಎರಡೂ ಕರೆಂಟಿನ ಮೇಲೆ ನಿಂತಿದ್ದು. ಜುಲೈಲಿ ನಮ್ಮ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಯುಪಿಎಸ್ ಮೊದಲ್ನೇ ರಾತ್ರಿನೇ ಕೂಗಿ ಕೂಗಿ ಸತ್ತೋಯ್ತು. ಆಗ ಕಾಪಾಡಿದ್ದು ಬಚ್ಚಲು ಮನೆ ಹಂಡೆ. ಅಡಿಕೆ ಸಿಪ್ಪೆ ಹಾಕಿ ಒಲೆ ಆರದ ಹಾಗೆ ಇಟ್ಕೊಂಡು, ಎರಡು ಲೀಟರಿನ ಬಾಟಲಿಗೆ ನೀರು ತುಂಬಿ, ಟವೆಲ್ ಸುತ್ತಿ, ಥರ್ಮಾಕೋಲ್ ಡಬ್ಬದೊಳಗೆ ಇವನ ಎರಡೂ ಪಕ್ಕಕ್ಕೆ. ಮೂರು ಗಂಟೆಗೊಂದ್ಸಲ ಬದಲಿಸೋದು. ರಾತ್ರಿ ಎರಡಕ್ಕೆ ನಾನು, ಐದಕ್ಕೆ ಅಪ್ಪ. ಹಾವು ಅಂದ್ರೆ ಮಾರು ದೂರ ಹೋಗೋ ನಮ್ಮಪ್ಪ! "ಎಂತ ಮಾರಾಯ, ಇದಕ್ಕೆ ಬಾಣಂತನ ಮಾಡ್ತಿದೀವನ?" ಅಂತ ಗೊಣಗ್ತಾನೇ ಮಾಡಿದ್ರು. ದುಡ್ಡಿಲ್ಲದ ವಿಧಾನ, ಡಬ್ಬದೊಳಗೆ 28ರಿಂದ 30 ನಿಲ್ತು, ಆದ್ರೆ ವಾರಗಟ್ಟಲೆ ಮಾಡಕ್ಕಾಗಲ್ಲ, ಮನುಷ್ಯರೇ ಮಲಗ್ತಾರೆ.

ಡಾಕ್ಟರ ವಿಷಯ. ನಮ್ಮೂರ ಡಾಕ್ಟ್ರು ದನ ನಾಯಿ ಅಂದ್ರೆ ಬರ್ತೀನಿ, ಇದು ನಂಗೆ ಬರಲ್ಲ ಅಂತ ನೇರ ಹೇಳಿದ್ರು, ಅದು ಮರ್ಯಾದೆ. ಇನ್ನೊಬ್ರು ನೋಡದೇನೇ ಫೋನಲ್ಲಿ ಎನ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಹೇಳಿದ್ರು, ದಿನ ಬಿಟ್ಟು ದಿನ, ಏಳು ಸಲ. ಔಷಧಿ ತಪ್ಪಲ್ಲ, ಹಾವಿಗೆ ಬಹಳ ಕಡೆ ಕೊಡೋದೇ, ಆದ್ರೆ ಅದು ಮಾಂಸಕ್ಕೆ ಉರಿ. ಚುಚ್ಚಿದಾಗೆಲ್ಲ ಇಡೀ ಮೈ ಹಗ್ಗ ತಿರುವಿದ ಹಾಗೆ ತಿರುಗ್ತಿತ್ತು, ನಾಲ್ಕನೇ ಸಲಕ್ಕೆ ಚುಚ್ಚಿದ ಜಾಗ ಕಪ್ಪಗೆ ಗಂಟು. ಕಫದ ಸದ್ದು ಸ್ವಲ್ಪ ಇಳಿದಿತ್ತು ನಿಜ, ಆದ್ರೆ ಪೆಟ್ಟಿಗೆ ಬಾಗಿಲು ತೆಗೆದ್ರೆ ಸಾಕು, 13 ವರ್ಷ ನನ್ನ ಕೈ ಮೇಲೆ ಮಲಗಿದ್ದವನು ತಲೆ ಮುಚ್ಕೊಂಡು ಉಂಡೆ ಆಗ್ತಿದ್ದ.

ಕೊನೆಗೆ ಬೆಂಗಳೂರು. ಮಂಡಗದ್ದೆ, ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ದಿಂಬಿನ ಕವರಲ್ಲಿ ಹಾವು, ಪಕ್ಕದಲ್ಲಿ ಬಿಸಿನೀರ ಬಾಟಲಿ, ಕಾಫಿಗೆ ನಿಲ್ಸಿದ ಕಡೆ ಮತ್ತೆ ಬಿಸಿನೀರು ತುಂಬಿಸ್ಕೊಂಡು. ಹೋಗಿದ್ದಕ್ಕೆ ಆದ ದೊಡ್ಡ ಲಾಭ ಎಕ್ಸ್‌ರೇ ಮತ್ತೆ ರಕ್ತ ಪರೀಕ್ಷೆ. ಶ್ವಾಸಕೋಶ ಮಬ್ಬು, ಅದರ ಜೊತೆ ಯೂರಿಕ್ ಆಸಿಡ್ ಮೇಲಿದೆ, ಅಂದ್ರೆ ಕಿಡ್ನಿನೂ ಸೋಲ್ತಿದೆ. ಇದು ಮೊದಲೇ ಗೊತ್ತಿದ್ದಿದ್ರೆ ನಾನು ಅರ್ಧ ಕೆಲಸ ಮಾಡ್ತಾನೇ ಇರ್ಲಿಲ್ಲ. ಅಲ್ಲಿಯವರು ಅಮಿಕಾಸಿನ್ ಅನ್ನೋ ಇನ್ನೊಂದು ಆಂಟಿಬಯೋಟಿಕ್ ಬೇಡವೇ ಬೇಡ ಅಂದ್ರು, ಅದು ಕಿಡ್ನಿಗೆ ಕೆಟ್ಟದ್ದು, ಬದಲು ಸೆಫ್ಟಾಜಿಡಿಮ್. ಮನುಷ್ಯರ ಮೆಡಿಕಲ್ ಶಾಪಲ್ಲೇ ಸಿಗೋ ಪುಡಿ, 72 ಗಂಟೆಗೊಂದ್ಸಲ ಚುಚ್ಚಿದ್ರೆ ಸಾಕು. ಡೋಸ್ ಬರೆಯಲ್ಲ, ನಿಮ್ಮ ಹಾವಿನ ತೂಕಕ್ಕೆ ನಿಮ್ಮ ಡಾಕ್ಟ್ರು ಹೇಳ್ಬೇಕು. ಮೈಯ ಮುಂದಿನ ಭಾಗಕ್ಕೇ ಚುಚ್ಚಿ ಅಂದ್ರು, ಹಿಂದಿನ ಭಾಗದ ರಕ್ತ ಮೊದಲು ಕಿಡ್ನಿ ಕಡೆ ಹೋಗತ್ತಂತೆ ಹಾವಿಗೆ. ಕಲಸಿದ್ದು ಫ್ರಿಜ್ಜಲ್ಲಿ ಕೆಲವೇ ದಿನ ಇರತ್ತೆ, ಅದಕ್ಕೆ ಇನ್ಸುಲಿನ್ ಸಿರಿಂಜಲ್ಲಿ ಒಂದೊಂದು ಡೋಸ್ ತುಂಬಿ ಫ್ರೀಜರಲ್ಲಿ. ಆ ಫ್ರೀಜರಲ್ಲಿ ಆಗಲೇ ಇವನ ಇಲಿಗಳಿದ್ವು, ಈಗ ಸಿರಿಂಜೂ ಸೇರಿ ಅಮ್ಮ ಐಸ್‌ಕ್ರೀಮ್ ತಿನ್ನೋದೇ ಬಿಟ್ಟಿದಾರೆ.

ಎರಡು ಔಷಧಿ ನಡುವೆ ನನ್ನ ಆಯ್ಕೆ ಸೆಫ್ಟಾಜಿಡಿಮ್ಮೇ, ಮೂರು ದಿನಕ್ಕೊಂದ್ಸಲ ಹಿಡಿಯೋದು ದಿನ ಬಿಟ್ಟು ದಿನ ಹಿಡಿಯೋದಕ್ಕಿಂತ ಎಷ್ಟೋ ವಾಸಿ. ಚುಚ್ಚಿದಾಗ ಈ ಸಲ ಬರೀ ನಾಲಿಗೆ ಚಾಚಿದ ಅಷ್ಟೇ. ಹತ್ತು ಡೋಸಿಗೆ ಚಿಟಚಿಟ ನಿಲ್ತು.

ನೆಬ್ಯುಲೈಸರ್ ಬಗ್ಗೆ ಜಾಸ್ತಿ ಹೇಳಕ್ಕಿಲ್ಲ. ಅಪ್ಪನ ದಮ್ಮಿನ ಮಷೀನ್, ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬ, ಬರೀ ಸಲೈನ್, 15 ನಿಮಿಷ, ಮೂಗು ಬಿಟ್ಕೊಳ್ಳತ್ತೆ, ಒಳ್ಳೇದೇ. ಇದಕ್ಕೆ ಎದುರಾಗಿ ಅಮ್ಮನ ಸಲಹೆ ನೀಲಗಿರಿ ಎಣ್ಣೆ ಹಾಕಿ ಹಬೆ. ದಯವಿಟ್ಟು ಬೇಡ, ಸುಟ್ಟೋಗತ್ತೆ, ಎಣ್ಣೆ ಘಾಟು ಬೇರೆ. ನಾಗರ ಪಂಚಮಿ ದಿನ ಪಕ್ಕದ ಮನೆ ಅತ್ತೆ ಒಂದು ಲೋಟ ಹಾಲು ತಂದಿದ್ರು, ಹುಷಾರಿಲ್ಲವಂತಲ್ಲ ಪಾಪ ಅಂತ. ಅದನ್ನ ನಾನೇ ಕುಡಿದೆ.

ಊಟದ್ದು ಕಷ್ಟದ ಲೆಕ್ಕ. ಮೇ ತಿಂಗಳಲ್ಲಿ 1740 ಗ್ರಾಂ ಇದ್ದವನು ಜುಲೈಗೆ 1520. ನಂಗೆ ತಡಿಯಕ್ಕಾಗ್ಲಿಲ್ಲ, ಟ್ಯೂಬ್ ಹಾಕಿ ದ್ರವ ಆಹಾರ ಕೊಡೋದು ಬೆಂಗಳೂರಲ್ಲಿ ತೋರಿಸಿದ್ರು, ಮನೇಲಿ ಎರಡು ಸಲ ಮಾಡ್ದೆ. ಮೊದಲ್ನೇ ಸಲ ಒಳಗಿಳೀತು. ಎರಡನೇ ಸಲ ಮಾರನೇ ದಿನ ಪೂರ್ತಿ ವಾಂತಿ, ಆ ವಾಸನೆ ಒಂದು ವಾರ ರೂಮಲ್ಲಿತ್ತು, ಕಫ ಇರೋ ಹಾವಿಗೆ ವಾಂತಿ ಅಂದ್ರೆ ಅದು ಶ್ವಾಸನಾಳಕ್ಕೆ ಹೋಗೋ ಭಯ. ಇನ್ನೊಂದು ದಾರಿ ಸುಮ್ಮನೆ ಕಾಯೋದು. ಬಾಲ್ ಪೈಥಾನ್ ಆರೋಗ್ಯವಾಗಿದ್ದಾಗ್ಲೇ ತಿಂಗಳುಗಟ್ಟಲೆ ಉಪವಾಸ ಮಾಡೋ ಜಾತಿ, ಸೋತ ಕಿಡ್ನಿಗೆ ಬೇಕಾಗಿರೋದು ಮೊದಲು ನೀರು, ಮಾಂಸ ಆಮೇಲೆ. ಉಗುರು ಬೆಚ್ಚಗಿನ ನೀರಲ್ಲಿ ದಿನಾ 20 ನಿಮಿಷ ಬಿಟ್ರೆ ಗಲ್ಲ ಅಲುಗಾಡೋದು ಕಾಣತ್ತೆ, ಕುಡೀತಾನೆ. ಟ್ಯೂಬ್ ಹಾಕಿದ್ದು ಅವನ ಹೊಟ್ಟೆಗಲ್ಲ, ನನ್ನ ಸಮಾಧಾನಕ್ಕೆ, ಇದನ್ನ ಒಪ್ಕೊಳ್ಳಕ್ಕೆ ನಂಗೆ ಆಗಸ್ಟ್ ಆಯ್ತು. ಸೆಪ್ಟೆಂಬರಲ್ಲಿ ಅವನಾಗೇ ಒಂದು ಸಣ್ಣ ಇಲಿ ತಗೊಂಡ, ಮೊದಲೆಲ್ಲ ತಿಂತಿದ್ದ ಸೈಜಿನ ಅರ್ಧ.

ಕೊನೇದು ಯಾರೂ ಕೇಳಕ್ಕಿಷ್ಟ ಪಡದ್ದು. ಕಿಡ್ನಿ ವಾಪಸ್ ಬರಲ್ಲ. ತಾನಾಗೇ ಹೋಗ್ಲಿ ಅಂತ ಬಿಡೋದಾ, ಡಾಕ್ಟ್ರ ಕೈಲಿ ಇಂಜೆಕ್ಷನ್ ಕೊಡ್ಸೋದಾ. ಇದನ್ನ ನಾನಿನ್ನೂ ಮಾಡಿ ನೋಡಿಲ್ಲ, ಆದ್ರೂ ಒಂದು ಕಡೆ ವಾಲಿದೀನಿ. ಹಾವು ನಾಯಿ ಹಾಗಲ್ಲ, ನೋವಿದ್ರೂ ಕೂಗಲ್ಲ, ಸಾಯೋದೂ ಬಹಳ ನಿಧಾನ, "ತಾನಾಗೇ" ಅನ್ನೋದು ವಾರಗಟ್ಟಲೆ ಎಳೆಯಬಹುದು. ಫ್ರೀಜರಲ್ಲಿಟ್ರೆ ನಿದ್ದೆ ಬಂದ ಹಾಗೆ ಹೋಗತ್ತೆ ಅಂತ ಇನ್ನೂ ಹೇಳೋರಿದಾರೆ, ಎಚ್ಚರ ಇರೋ ಪ್ರಾಣಿಗೆ ಅದು ಹಿಂಸೆ, ಯಾರೂ ಮಾಡ್ಬೇಡಿ. ಡಾಕ್ಟ್ರ ಜೊತೆ ಕೂತು ಮೂರು ಗುರುತು ಬರೆದಿಟ್ಕೊಂಡಿದೀನಿ: ಅಂಗಾತ ಮಾಡಿದ್ರೆ ಮಗುಚ್ಕೊಳ್ಳಕ್ಕಾಗದೇ ಇರೋದು, ದಿನವಿಡೀ ಬಾಯಿ ತೆರೆದೇ ಇರೋದು, ತಣ್ಣಗಿನ ಕಡೆಯಿಂದ ಬೆಚ್ಚಗಿನ ಕಡೆಗೆ ತಾನಾಗಿ ಹೋಗದೇ ಇರೋದು. ಮೂರರಲ್ಲಿ ಎರಡು ಬಂದ್ರೆ ಮತ್ತೆ ದಿಂಬಿನ ಕವರು, ಬಿಸಿನೀರ ಬಾಟಲಿ, ತರೀಕೆರೆ ರೋಡು.

ಸದ್ಯಕ್ಕೆ ಒಂದೂ ಬಂದಿಲ್ಲ. ಭಾನುವಾರ ಅಡಿಗೆಮನೆ ತಕ್ಕಡೀಲಿ 1405 ಬಂತು, ಹೋದ ವಾರಕ್ಕಿಂತ 15 ಗ್ರಾಂ ಜಾಸ್ತಿ, ಅದರಲ್ಲಿ ಮಾಂಸ ಎಷ್ಟು, ಕುಡಿದ ನೀರು ಎಷ್ಟು ಅಂತ ಮಾತ್ರ ಕೇಳ್ಬೇಡಿ.