ಎಝಡ್31ಬಿ ಮೆಗ್ನೀಸಿಯಂ ರಾಡ್: ಎಳೆದರೆ ಗಟ್ಟಿ, ಒತ್ತಿದರೆ ಅರ್ಧ

ಹಗುರವಾದ ಲೋಹ ಬೇಕೆಂದಾಗ ಮೊದಲು ಕೈಗೆ ಸಿಗುವ ಸರಕು ಎಝಡ್31ಬಿ ಎಂಬ ಮಿಶ್ರಲೋಹದ ಎಕ್ಸ್‌ಟ್ರೂಡೆಡ್ ರಾಡ್, ಎಂದರೆ ಬಿಸಿ ಲೋಹವನ್ನು ಅಚ್ಚಿನ ಕಂಡಿಯಿಂದ ತಳ್ಳಿ ಮಾಡಿದ ಸರಳು. ಸುಮಾರು ಶೇ. 3 ಅಲ್ಯೂಮಿನಿಯಂ, ಶೇ. 1 ಸತು, ಉಳಿದದ್ದು ಬಹುಪಾಲು ಮೆಗ್ನೀಸಿಯಂ. ಸಾಂದ್ರತೆ ಘನ ಸೆಂಟಿಮೀಟರಿಗೆ 1.77 ಗ್ರಾಂ; ಅಲ್ಯೂಮಿನಿಯಂನದು 2.7. ಲೇತ್‌ನಲ್ಲಿ ಸಲೀಸಾಗಿ ಕತ್ತರಿಸಬಹುದು, ಟಿಗ್ ವೆಲ್ಡಿಂಗಿಗೂ ಒಗ್ಗುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಇರುವುದು ಟೆಸ್ಟ್ ಸರ್ಟಿಫಿಕೇಟಿನ ಬಗ್ಗೆ. ಸಾಮಾನ್ಯವಾಗಿ ಅದರಲ್ಲಿ ಕೊಡುವುದು ರಾಡನ್ನು ಉದ್ದಕ್ಕೆ ಎಳೆದು ನೋಡಿದ ಅಂಕಿ ಮಾತ್ರ: ಯೀಲ್ಡ್ (ಲೋಹದ ಆಕಾರ ಶಾಶ್ವತವಾಗಿ ಕೆಡಲು ಶುರುವಾಗುವ ಮಟ್ಟ) ಸುಮಾರು 200 ಮೆಗಾಪ್ಯಾಸ್ಕಲ್. ಅದೇ ರಾಡನ್ನು ಅದೇ ದಿಕ್ಕಿನಲ್ಲಿ ಒತ್ತಿದರೆ 100ರ ಆಸುಪಾಸಿನಲ್ಲೇ ಯೀಲ್ಡ್ ಆಗುತ್ತದೆ. ಕಂಬ, ಸ್ಟ್ರಟ್, ಕ್ಲಾಂಪಿನ ಕೆಳಗಿನ ಬುಷ್ ಎಂದು ಬಳಸುವವರು ನೋಡಬೇಕಾದದ್ದು ಈ ಎರಡನೇ ಅಂಕಿಯನ್ನು.

ಕಾರಣ ಹರಳಿನೊಳಗಿದೆ. ಮೆಗ್ನೀಸಿಯಂನದು ಷಟ್ಕೋನ ರಚನೆ. ಎಕ್ಸ್‌ಟ್ರೂಷನ್‌ನಲ್ಲಿ ಬಹುತೇಕ ಹರಳುಗಳ ಸಿ-ಅಕ್ಷ (ಷಟ್ಕೋನದ ಮುಖಕ್ಕೆ ಲಂಬವಾದ ಅಕ್ಷ) ರಾಡಿಗೆ ಅಡ್ಡಲಾಗಿ ನಿಲ್ಲುತ್ತದೆ. ಉದ್ದಕ್ಕೆ ಒತ್ತಿದಾಗ ಹರಳು ಸಿ-ಅಕ್ಷದ ಕಡೆಗೆ ಹಿಗ್ಗಬೇಕು, ಅದಕ್ಕೆ ಟ್ವಿನಿಂಗ್ ಸುಲಭದ ದಾರಿ: ಕಡಿಮೆ ಬಲಕ್ಕೇ ಹರಳಿನ ಒಂದು ಪಟ್ಟಿ ಸುಮಾರು 86 ಡಿಗ್ರಿ ಹೊರಳಿಬಿಡುತ್ತದೆ. ಎಳೆದಾಗ ಈ ದಾರಿ ಮುಚ್ಚಿರುತ್ತದೆ. ಹಾಗಾಗಿ ಒತ್ತುವ ಟೆಸ್ಟಿನ ಗ್ರಾಫ್ ಇಂಗ್ಲಿಷಿನ ಎಸ್ ಅಕ್ಷರದಂತೆ ಬರುತ್ತದೆ. ಯೀಲ್ಡ್ ಆದಮೇಲೆ ಗೆರೆ ಹೆಚ್ಚುಕಮ್ಮಿ ಮಟ್ಟವಾಗಿ ಸಾಗಿ, ಟ್ವಿನ್‌ಗಳು ಹರಳನ್ನೆಲ್ಲ ತುಂಬಿಕೊಂಡ ಮೇಲೆ ಕಡಿದಾಗಿ ಏರುತ್ತದೆ. ಕೊನೆಗೆ ತುಂಡು ಸುಮಾರು 45 ಡಿಗ್ರಿ ಓರೆಯಲ್ಲಿ ಜಾರಿ ಮುರಿಯುತ್ತದೆ.

ರಾಡಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ ತುಂಡನ್ನು ಎಳೆದರೂ ಯೀಲ್ಡ್ ಇಳಿಯುತ್ತದೆ. ಅಲ್ಲಿ ಟ್ವಿನಿಂಗ್‌ಗಿಂತ ಮುಖ್ಯ ಕಾರಣ ಬೇಸಲ್ ಪದರಗಳ, ಎಂದರೆ ಸಿ-ಅಕ್ಷಕ್ಕೆ ಅಡ್ಡಲಾಗಿರುವ ಹರಳಿನ ಪದರಗಳ, ಜಾರಿಕೆ.

ಬಾಗಿಸುವಾಗ ಇನ್ನೊಂದು ತೊಡಕು. ಒಳಬದಿ ಬೇಗ ಸೋಲುವುದರಿಂದ ನ್ಯೂಟ್ರಲ್ ಆಕ್ಸಿಸ್ (ಹಿಗ್ಗದೆ ಕುಗ್ಗದೆ ಉಳಿಯುವ ನಡುಗೆರೆ) ಹೊರಬದಿಗೆ ಸರಿಯುತ್ತದೆ, ಸ್ಟೀಲಿನ ಬೆಂಡ್ ಅಲೋಯನ್ಸ್ (ಬಾಗುವ ಭಾಗಕ್ಕೆಂದು ಲೆಕ್ಕ ಹಿಡಿಯುವ ಉದ್ದ) ಹಾಕಿದರೆ ಅಳತೆ ಕೂಡಿಬರುವುದಿಲ್ಲ. 200ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬಾಗಿಸಿ; ಆ ಬಿಸಿಯಲ್ಲಿ ಬೇರೆ ಪದರಗಳೂ ಜಾರುವುದರಿಂದ ಬಿರುಕಿನ ಭಯ ಕಡಿಮೆ. ಕಂಪ್ಯೂಟರ್ ವಿಶ್ಲೇಷಣೆಯಲ್ಲಿ ಎಳೆತ, ಒತ್ತಡ ಎರಡಕ್ಕೂ ಒಂದೇ ಮಿತಿ ಹಿಡಿಯುವ ವಾನ್ ಮಿಸೆಸ್ ಸೂತ್ರ ಹಾಕಿ ಒಂದೇ ಯೀಲ್ಡ್ ಕೊಟ್ಟರೆ ಒತ್ತಡದ ಭಾಗದ ಉತ್ತರವೇ ತಪ್ಪಾಗುತ್ತದೆ.

ದೊಡ್ಡ ಆರ್ಡರ್ ಕೊಡುವ ಮುನ್ನ ಅದೇ ಬ್ಯಾಚಿನಿಂದ 10 ಮಿಮೀ ವ್ಯಾಸ, 15 ಮಿಮೀ ಎತ್ತರದ ತುಂಡುಗಳನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಮೂರು ಮೂರು ತೆಗೆಸಿ. ಎರಡು ತುದಿಗಳೂ ಸಮಾಂತರವಾಗಿರಬೇಕು. ತುದಿಗೆ ಗ್ರೀಸ್ ಸವರಿ, ನಿಮಿಷಕ್ಕೆ 1 ಮಿಮೀ ವೇಗದಲ್ಲಿ ಒತ್ತಿಸಿ. ಗ್ರೀಸ್ ಇಲ್ಲದಿದ್ದರೆ ಘರ್ಷಣೆಯಿಂದ ತುಂಡು ನಡುವೆ ಪೀಪಾಯಿಯಂತೆ ಉಬ್ಬಿ ಗ್ರಾಫ್ ಕೆಡುತ್ತದೆ. ಅಡ್ಡಕ್ಕೆ ತೆಗೆದ ತುಂಡು ಗುಂಡಗೆ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಟೆಕ್ಸ್ಚರಿನ, ಎಂದರೆ ಹರಳುಗಳು ಒಂದೇ ರೀತಿ ಸಾಲಾಗಿ ನಿಂತಿರುವುದರ, ಗುರುತು.

ಎಳೆತಕ್ಕೆ, ಕವರ್‌ಗೆ, ಬೆಸುಗೆಯ ಚೌಕಟ್ಟಿಗೆ ಎಝಡ್31ಬಿ ಧಾರಾಳವಾಗಿ ಕೊಳ್ಳಬಹುದು. ಒತ್ತಡವೇ ಮುಖ್ಯವಾದರೆ ಝಡ್‌ಕೆ60ಎ-ಟಿ5 ಎಂಬ ಇನ್ನೊಂದು ಮೆಗ್ನೀಸಿಯಂ ಮಿಶ್ರಲೋಹ ತೆಗೆದುಕೊಳ್ಳಿ: ಅದರ ಯೀಲ್ಡ್ ಎಳೆತದಲ್ಲಿ ಸುಮಾರು 305, ಒತ್ತಡದಲ್ಲಿ 250 ಮೆಗಾಪ್ಯಾಸ್ಕಲ್. ಅದನ್ನು ಬೆಸೆಯಲು ಮಾತ್ರ ಹೋಗಬೇಡಿ, ಸತು ಹೆಚ್ಚಿರುವುದರಿಂದ ಬೆಸುಗೆ ಬಿಸಿಯಲ್ಲೇ ಬಿರಿಯುತ್ತದೆ.