ಗೋಡೆಯ ತೇವಕ್ಕೆ ಕರೆಸಿದ ಗೌಂಡಿ ತಂಡ: ಕಲಬುರಗಿಯ ನಮ್ಮ ಮನೆಯಲ್ಲಿ ಆದ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ಈ ತಂಡದ ಕೆಲಸ ನನಗೆ ತುಂಬಾ ಹಿಡಿಸಿದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಆಗುವವರೆಗೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಅವರು ಒಪ್ಪಲೇ ಇಲ್ಲ. ಕಲಬುರಗಿಯಲ್ಲಿ ಇಂಥವರು ಸಿಗುವುದು ಕಷ್ಟ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಬ್ರಹ್ಮಪುರದಲ್ಲಿದೆ. ಮುಂದಿನ ಭಾಗ ಮಾವನವರು ಕಟ್ಟಿಸಿದ್ದು. ಒಂಬತ್ತು ಇಂಚಿನ ಇಟ್ಟಂಗಿ ಗೋಡೆ, ನೆಲಕ್ಕೆ ಶಹಾಬಾದ್ ಫರ್ಸಿ. ಹಿಂದಿನ ಕೋಣೆ ಆಮೇಲೆ ಸೇರಿಸಿದ್ದು. ವರ್ಷದ ಜೋಳ, ತೊಗರಿ ಬೇಳೆ ಎಲ್ಲಾ ಅಲ್ಲೇ ಇಡುತ್ತೇವೆ. ಮಳೆಗಾಲ ಬಂತೆಂದರೆ ಆ ಕೋಣೆಯ ಗೋಡೆ ಸೊಂಟದ ಎತ್ತರದವರೆಗೆ ಕಪ್ಪಾಗುತ್ತಿತ್ತು, ಮುಂದಿನ ಕೋಣೆಗಳ ಗೋಡೆಗೂ ತೇವ ಬರುತ್ತಿತ್ತು. ಗೋಡೆಗೆ ತಾಗಿದ ಚೀಲಗಳಿಗೆ ಬೂಸ್ಟು. ಕೆಳಗೆ ಫರ್ಸಿಯ ಅಂಚಿನಲ್ಲಿ ಬಿಳಿ ಪುಡಿ ಉದುರಿರುತ್ತಿತ್ತು. ಅತ್ತೆಯವರು ದಿನಾ ಗುಡಿಸುತ್ತಿದ್ದರು, ಮರುದಿನ ಮತ್ತೆ ಅಷ್ಟೇ ಪುಡಿ.

ಹಿಂದಿನ ಸಲ ಬೇರೊಬ್ಬರು ಬಂದು ಹೋಗಿದ್ದರು. ಹೆಸರು ಬೇಡ. ಗೋಡೆ ಕೆರೆದರು, ಪುಟ್ಟಿ ಹಚ್ಚಿದರು, ಮೇಲೆ ವಾಟರ್‌ಪ್ರೂಫ್ ಬಣ್ಣ ಎರಡು ಕೋಟ್ ಹೊಡೆದರು. ದೀಪಾವಳಿಗೆ ಗೋಡೆ ಥಳಥಳ ಹೊಳೆಯುತ್ತಿತ್ತು. ಮುಂದಿನ ಶ್ರಾವಣದೊಳಗೆ ಬಣ್ಣ ಹಪ್ಪಳದಂತೆ ಉಬ್ಬಿ ಬಂತು. ಫೋನ್ ಮಾಡಿದರೆ, ಈಗ ಇಡೀ ಮನೆಗೆ ಕೆಮಿಕಲ್ ಇಂಜೆಕ್ಷನ್, ಅಂದರೆ ಗೋಡೆಯ ಬುಡದಲ್ಲಿ ರಂಧ್ರ ಕೊರೆದು ನೀರು ತಡೆಯುವ ಕೆಮಿಕಲ್ ತುಂಬುವ ಕೆಲಸ, ಮಾಡಿಸಬೇಕು ಅಂತ ದೊಡ್ಡ ಮೊತ್ತ ಹೇಳಿದರು. ಅಷ್ಟು ದುಡ್ಡು ತೆಗೆದುಕೊಂಡು ಹೋದ ಮೇಲೆ ಹೀಗೆ ಕೈಯೆತ್ತಿದ್ದು ನನಗೆ ಇವತ್ತಿಗೂ ಬೇಜಾರಿದೆ.

ಆಗ ಹಾರ್ಡ್‌ವೇರ್ ಅಂಗಡಿಯವರು ಈ ತಂಡದ ನಂಬರ್ ಕೊಟ್ಟರು. ವಯಸ್ಸಾದ ಒಬ್ಬ ಗೌಂಡಿ, ಅವರ ಮಗ, ಜೊತೆಗೆ ಇಬ್ಬರು ಆಳುಗಳು. ಹಿರಿಯರನ್ನು ನಾವೆಲ್ಲಾ ಕಾಕಾ ಅಂತಲೇ ಕರೆದೆವು. ನಾನು ಶಾಲೆಯಲ್ಲಿ ಕಲಿಸುವವಳು, ಹಾಗಾಗಿ ಅವರಿಗೆ ನಾನು ಅಕ್ಕೋರು.

"ಅಕ್ಕೋರೆ, ಬಣ್ಣ ಹಚ್ಚೋದು ಕಡೀ ಕೆಲಸ ರೀ. ಮೊದಲ ನೀರ್ ಎಲ್ಲಿಂದ ಬರ್ತದ ನೋಡಮು" ಅಂದರು.

ಬಂದ ದಿನ ಅವರು ಮಾಡಿದ್ದು ನೋಡುವ ಕೆಲಸ ಮಾತ್ರ. ಮಾಳಿಗೆ ಹತ್ತಿ ನೋಡಿದರು. ನಳ ಎಲ್ಲಾ ಬಂದ್ ಮಾಡಿಸಿ, ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಎಲ್ಲಾದರೂ ಪೈಪ್ ಸೋರುತ್ತಿದೆಯೇ ಅಂತ ಪರೀಕ್ಷೆ ಮಾಡಿದರು. ಅಡುಗೆಮನೆಯಿಂದ ಅಲ್ಯುಮಿನಿಯಂ ಫಾಯಿಲ್ ಕೇಳಿ ಒಂದು ತುಂಡನ್ನು ಗೋಡೆಗೆ ಇಟ್ಟು, ನಾಲ್ಕೂ ಕಡೆ ಟೇಪ್ ಅಂಟಿಸಿ ಹೋದರು. ಮರುದಿನ ತೆಗೆದಾಗ ಫಾಯಿಲ್‌ನ ಒಳಮುಖದಲ್ಲಿ ಹನಿ ಕಟ್ಟಿತ್ತು, ಹೊರಮುಖ ಒಣಗಿತ್ತು. ಅಂದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಹೊರಮುಖ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಅರ್ಧ ಕೆಲಸ ಆಗುತ್ತಿತ್ತಂತೆ. ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಯಾರನ್ನಾದರೂ ಕರೆಸುವ ಮೊದಲು ಒಮ್ಮೆ ಮಾಡಿ ನೋಡಿ.

ಆಮೇಲೆ ಕಾಕಾ ಹಿತ್ತಲಲ್ಲಿ ಬಿದ್ದಿದ್ದ ಒಂದು ಒಣ ಇಟ್ಟಂಗಿ ತಂದು, ಒಂದು ಪರಾತದಲ್ಲಿ ಬೆರಳುದ್ದವೂ ಇಲ್ಲದಷ್ಟು ನೀರು ಹಾಕಿ ನೆಟ್ಟಗೆ ನಿಲ್ಲಿಸಿದರು. ನಾವು ಚಹಾ ಕುಡಿಯುತ್ತಾ ನೋಡುತ್ತಿದ್ದೆವು. ಮೊದಲು ಬುಡದಲ್ಲಿ ಒಂದು ಗಾಢ ಕೆಂಪು ಪಟ್ಟಿ ಕಾಣಿಸಿತು. ಅದು ಮೆಲ್ಲಗೆ ಮೇಲೆ ಹತ್ತಿತು, ಒಂದು ಮೂಲೆಯಲ್ಲಿ ಬೇಗ, ಇನ್ನೊಂದು ಮೂಲೆಯಲ್ಲಿ ನಿಧಾನ. ಪರಾತದ ನೀರು ಕಡಿಮೆಯಾಗುತ್ತಾ ಬಂತು. ಕೈಯಿಟ್ಟು ನೋಡಿದರೆ ನೀರಿನಿಂದ ಎಷ್ಟೋ ಮೇಲಿನ ಜಾಗವೂ ತಣ್ಣಗಿತ್ತು. ಇಟ್ಟಂಗಿಯೊಳಗೆ ಕೂದಲಿಗಿಂತ ಸಣ್ಣ ರಂಧ್ರಗಳಿರುತ್ತವೆ, ಆ ರಂಧ್ರಗಳೇ ನೀರನ್ನು ಮೇಲಕ್ಕೆ ಎಳೆಯುತ್ತವೆ. ಶಾಲೆಯಲ್ಲಿ ಲೋಮನಾಳ ಕ್ರಿಯೆ ಅಂತ ನಾವು ಕಲಿಸುವುದು ಇದನ್ನೇ. ಸಾಮಾನ್ಯ ಇಟ್ಟಂಗಿಯನ್ನು 24 ಗಂಟೆ ನೀರಲ್ಲಿ ಮುಳುಗಿಸಿದರೆ ಅದು ತನ್ನ ತೂಕದ 20 ಶೇಕಡಾಕ್ಕಿಂತ ಜಾಸ್ತಿ ನೀರು ಕುಡಿಯಬಾರದು ಅಂತ ಭಾರತೀಯ ಮಾನಕ ಇದೆ. ಅಂದರೆ ಮೂರು ಕಿಲೋ ಇಟ್ಟಂಗಿ ಆರುನೂರು ಗ್ರಾಂ ನೀರು ಕುಡಿದರೂ ಅದು ಪಾಸ್! ಒಂದು ಗೋಡೆಯಲ್ಲಿ ಎಷ್ಟು ಇಟ್ಟಂಗಿ ಇರುತ್ತವೆ, ನೀವೇ ಲೆಕ್ಕ ಹಾಕಿ.

ನೆಲದಿಂದ ಹೀಗೆ ಹತ್ತಿದ ನೀರು ಸಾಮಾನ್ಯವಾಗಿ ಮೂರಡಿ ಆಸುಪಾಸು ನಿಲ್ಲುತ್ತದೆ. ಅಷ್ಟರೊಳಗೆ ಗೋಡೆಯ ಮುಖದಿಂದ ಆವಿಯಾಗಿ ಹೋಗುತ್ತದೆ. ಆ ದಾರಿ ಮುಚ್ಚಿದರೆ ನೀರು ಇನ್ನೂ ಮೇಲೆ ಹತ್ತುತ್ತದೆ. ವಾಟರ್‌ಪ್ರೂಫ್ ಬಣ್ಣ ಹೊಡೆದ ಮೇಲೆ ನಮ್ಮ ಗೋಡೆಯ ಕಲೆ ಒಂದು ಗೇಣು ಮೇಲೆ ಹೋಗಿದ್ದು ಯಾಕೆ ಅಂತ ಆವತ್ತು ಅರ್ಥವಾಯಿತು.

ಇನ್ನು ಆ ಬಿಳಿ ಪುಡಿ, ಅದು ಉಪ್ಪು. ಮಣ್ಣಲ್ಲೂ ಇಟ್ಟಂಗಿಯಲ್ಲೂ ಇರುವ ಲವಣ ನೀರಿನ ಜೊತೆ ಮೇಲೆ ಬರುತ್ತದೆ, ನೀರು ಆರಿದ ಮೇಲೆ ಅಲ್ಲೇ ಹರಳು ಕಟ್ಟಿ ಗಿಲಾವನ್ನು (ಪ್ಲಾಸ್ಟರ್) ತಳ್ಳುತ್ತದೆ. ಅದರಲ್ಲಿ ಕೆಲವು ಲವಣ ಮಳೆಗಾಲದ ಗಾಳಿಯಿಂದಲೂ ತೇವ ಎಳೆಯುತ್ತವೆ. ಹಾಗಾಗಿ ಕೆಳಗಿನ ನೀರು ನಿಂತರೂ ಹಳೇ ಗಿಲಾವು ಉಳಿದರೆ ಗೋಡೆ ಒದ್ದೆಯಾಗುತ್ತಲೇ ಇರುತ್ತದೆ. ಕಲೆ ಇದ್ದಲ್ಲಿಂದ ಇನ್ನೊಂದು ಅಡಿ ಮೇಲಿನವರೆಗೆ ಗಿಲಾವು ಕೆತ್ತಬೇಕು ಅಂತ ಇವರು ಹಟ ಹಿಡಿದದ್ದು ಅದಕ್ಕೇ.

ಅಸಲಿ ಕಾರಣ ಸಿಕ್ಕಿದ್ದು ಹೊರಗೆ. ಓಣಿಯಲ್ಲಿ ಹಳೇ ರಸ್ತೆ ಅಗೆಯದೆ ಅದರ ಮೇಲೇ ಹೊಸ ಸಿಸಿ ರಸ್ತೆ ಹಾಕುತ್ತಾ ಬಂದಿದ್ದಾರೆ. ಮೊದಲು ಮನೆಗೆ ಮೆಟ್ಟಿಲು ಹತ್ತಿ ಬರುತ್ತಿದ್ದೆವು, ಈಗ ಹೊಸ್ತಿಲು ರಸ್ತೆಗೆ ಹೆಚ್ಚುಕಡಿಮೆ ಸಮ. ಪಕ್ಕದ ಸಂದಿಯಲ್ಲೂ ಮಣ್ಣು ಏರಿದೆ. ಕಾಕಾ ಗುದ್ದಲಿಯಿಂದ ಗೋಡೆಯ ಬುಡ ಬಿಡಿಸಿದಾಗ, ಮಣ್ಣಿನೊಳಗೆ ಹೂತುಹೋದ ಕಾಂಕ್ರೀಟ್ ಪಟ್ಟಿ ಕಂಡಿತು. ಮಾವನವರು ಡಿಪಿಸಿ ಹಾಕಿಸಿದ್ದರು! ಪಾಯದ ಮೇಲೆ, ಇಟ್ಟಂಗಿ ಶುರುವಾಗುವ ಮೊದಲು ನೀರು ತಡೆಯಲು ಹಾಕುವ ಪದರ ಅದು. ಅದರ ಮೇಲೆ ಮಣ್ಣು ಬಿದ್ದರೆ ನೀರು ಪಟ್ಟಿಯನ್ನು ದಾಟಿ ಪಕ್ಕದಿಂದಲೇ ಇಟ್ಟಂಗಿಗೆ ಹೋಗುತ್ತದೆ. ಅದೂ ನಮ್ಮ ಎರೆ ಮಣ್ಣು. ಒಮ್ಮೆ ನೀರು ಹಿಡಿದರೆ ಬೇಗ ಬಿಡುವುದಿಲ್ಲ.

ಹಾಗಾಗಿ ಮುಂದಿನ ಭಾಗಕ್ಕೆ ಇಂಜೆಕ್ಷನ್ ಬೇಡವೇ ಬೇಡ ಅಂದರು. ಬೇಕು ಅಂದಿದ್ದರೆ ನಾವು ಒಪ್ಪುತ್ತಿದ್ದೆವು, ಅವರಿಗೆ ಮೂರು ಗೋಡೆಯ ದುಡ್ಡು ಬರುತ್ತಿತ್ತು. ಈ ಒಂದು ಮಾತಿಗೇ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಪಟ್ಟಿಗಿಂತ ಅರ್ಧ ಅಡಿ ಕೆಳಗಿನವರೆಗೆ ಸಂದಿಯ ಮಣ್ಣು ತೆಗೆದರು. ಹೊರಗಿನ ಸಿಮೆಂಟ್ ಗಿಲಾವು ನೆಲಕ್ಕೆ ಇಳಿದಿತ್ತು, ಅದನ್ನು ಪಟ್ಟಿಯ ಮೇಲೇ ಕತ್ತರಿಸಿದರು. ಬುಡದಿಂದ ಎರಡಡಿ ಅಗಲ ಫರ್ಸಿ ಹಾಸಿ, ನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಕೊಟ್ಟರು. ಮಾಳಿಗೆಯ ನೀರು ನೇರ ಬುಡಕ್ಕೆ ಬೀಳುತ್ತಿತ್ತು, ಪೈಪ್ ಉದ್ದ ಮಾಡಿ ಗಟಾರಕ್ಕೆ ಬಿಟ್ಟರು.

ಹಿಂದಿನ ಕೋಣೆಗೆ ಮಾತ್ರ ಡಿಪಿಸಿಯೇ ಇರಲಿಲ್ಲ. ಅಲ್ಲಿ ಇಂಜೆಕ್ಷನ್ ಮಾಡಿದರು. ಇಟ್ಟಂಗಿಗಳ ನಡುವಿನ ಗಾರೆಯ ಕೆಳಗಿನ ಒಂದು ಸಾಲಿನಲ್ಲಿ, ನಾಲ್ಕೈದು ಇಂಚಿಗೊಂದರಂತೆ 12 ಮಿಲಿಮೀಟರ್ ರಂಧ್ರ. ಇಟ್ಟಂಗಿಗೆ ಅಲ್ಲ, ಗಾರೆಗೇ. ನೀರಿಗೆ ಎಡೆಬಿಡದೆ ದಾರಿ ಸಿಗುವುದು ಗಾರೆಯ ಸಾಲಿನಲ್ಲಿ. ಆಚೆ ಮುಖಕ್ಕೆ ಒಂದೂವರೆ ಇಂಚು ಬಿಟ್ಟು ಡ್ರಿಲ್ ನಿಲ್ಲಿಸಿ, ಧೂಳು ಊದಿ ತೆಗೆದು, ಬಿಳಿ ಕೆನೆಯಂಥ ಸೈಲೇನ್ ಕ್ರೀಮ್ ತುಂಬಿದರು. ಅದು ಒಳಗೆ ಹರಡಿ ಕೂದಲಿಗಿಂತ ಸಣ್ಣ ಆ ರಂಧ್ರಗಳ ಒಳಮೈಗೆ ಅಂಟುತ್ತದೆ, ಆಮೇಲೆ ಅವು ನೀರನ್ನು ಎಳೆಯುವುದಿಲ್ಲ. ಡ್ರಿಲ್‌ಗೆ ಟೇಪ್ ಸುತ್ತಿ ಆಳ ಗುರುತು ಹಾಕಿಕೊಂಡಿದ್ದ ಮಗ, ಒಂದು ರಂಧ್ರ ಸೊಟ್ಟಗಾದರೆ ಅದರ ಪಕ್ಕ ಮತ್ತೊಂದು ಕೊರೆದ. ಯಾರೂ ಹೇಳದಿದ್ದರೂ ಕೊರೆದ.

ಹೊಸ ಗಿಲಾವು ಸುಣ್ಣದ್ದೇ ಆಗಬೇಕು ಅಂದಾಗ ನಮ್ಮವರು ಸ್ವಲ್ಪ ವಾದ ಮಾಡಿದರು. ವಾಡಿ, ಸೇಡಂನ ಸಿಮೆಂಟ್ ಫ್ಯಾಕ್ಟರಿ ಇಷ್ಟು ಹತ್ತಿರ ಇಟ್ಟುಕೊಂಡು ಸುಣ್ಣ ಯಾಕೆ ಅಂತ. "ಸಾವ್ಕಾರ್ರೆ, ಕ್ವಾಟಿಯೊಳಗಿನ ಮಸೀದಿ ಕಟ್ಟಿದಾಗ ಸಿಮೆಂಟ್ ಎಲ್ಲಿತ್ತು ರೀ?" ಅಂದರು ಕಾಕಾ. ನಿಜ, ಕೋಟೆಯ ಜಾಮಾ ಮಸೀದಿ 1367ರದ್ದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಸುಣ್ಣದ ಗಿಲಾವಿನಿಂದ ಆವಿ ಹೊರಗೆ ಹೋಗುತ್ತದೆ, ಗೋಡೆ ಒಣಗಲು ದಾರಿ ಇರುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕು. ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡದಂತೆ ಹೊರಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು.

ತೊಂದರೆಗಳೂ ಇದ್ದವು. ಧೂಳು ವಿಪರೀತ. ಪಕ್ಕದ ಕೋಣೆಯ ಕಪಾಟಿಗೆ ಬಟ್ಟೆ ಹೊದಿಸಿ ಅಂತ ನಾನೇ ಹೇಳಬೇಕಾಯಿತು. ಬೆಳಿಗ್ಗೆ ಬರುತ್ತೇವೆ ಅಂದವರು ಮಧ್ಯಾಹ್ನ ಬಂದದ್ದುಂಟು. ಬಿಲ್ ಕೇಳಿದ ಮೇಲೆಯೇ ಕೊಟ್ಟರು. ಗ್ಯಾರಂಟಿ ಬಾಯಿಮಾತಿನದ್ದು, ಬರವಣಿಗೆಯಲ್ಲಿ ಇಲ್ಲ. ಇದು ನನಗೆ ಸರಿ ಅನ್ನಿಸಲಿಲ್ಲ, ಅವರಿಗೂ ಹೇಳಿದ್ದೇನೆ. ಇಂಜೆಕ್ಷನ್‌ಗೆ ರನ್ನಿಂಗ್ ಫೂಟ್ ಲೆಕ್ಕ, ಗೋಡೆ ದಪ್ಪ ಇದ್ದಷ್ಟೂ ಕ್ರೀಮ್ ಜಾಸ್ತಿ ಬೇಕು. ಒಟ್ಟು ಖರ್ಚು ಹಿಂದಿನವರ ಬಣ್ಣಕ್ಕಿಂತ ಹೆಚ್ಚೇ ಆಯಿತು, ಅವರು ಆಮೇಲೆ ಹೇಳಿದ ಇಡೀ ಮನೆಯ ಮೊತ್ತಕ್ಕಿಂತ ಎಷ್ಟೋ ಕಡಿಮೆ.

ಇನ್ನೊಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕೆಲಸ ಮುಗಿದ ತಕ್ಷಣ ಗೋಡೆ ಒಣಗುವುದಿಲ್ಲ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ರೂಢಿಯ ಲೆಕ್ಕ. ನಮ್ಮದು ಒಂಬತ್ತು ಇಂಚು, ಅಂದರೆ ಒಂಬತ್ತು ತಿಂಗಳು. ಅಲ್ಲಿಯವರೆಗೆ ಪುಟ್ಟಿ, ಆಯಿಲ್ ಪೇಂಟ್, ಗೋಡೆಗೆ ಟೈಲ್ಸ್ ಯಾವುದೂ ಬೇಡ, ಬರೀ ಸುಣ್ಣ ಬಳಿಯಿರಿ ಅಂದಿದ್ದಾರೆ. ಹಾಗೇ ಮಾಡಿದ್ದೇವೆ. ಈ ಮಳೆಗಾಲದಲ್ಲಿ ಮುಂದಿನ ಕೋಣೆಗಳ ಗೋಡೆ ಕೈಗೆ ಒಣಗಿಯೇ ಸಿಕ್ಕಿತು. ಹಿಂದಿನ ಕೋಣೆಯಲ್ಲಿ ಒಂದು ಮೂಲೆ ಮಾತ್ರ ಇನ್ನೂ ಸ್ವಲ್ಪ ತಣ್ಣಗಿದೆ, ಬಿಳಿ ಪುಡಿ ಇಲ್ಲ. ಚೀಲಗಳನ್ನು ಗೋಡೆಯಿಂದ ಒಂದು ಗೇಣು ದೂರ ಹಲಗೆಯ ಮೇಲೆ ಇಟ್ಟಿದ್ದೇವೆ.

ಕರೆಸುವವರು ಬೇಸಿಗೆ ಶುರುವಾಗುವಾಗಲೇ ಹೇಳಿಡಿ. ಮಳೆ ಬಿದ್ದ ಮೇಲೆ ಎಲ್ಲರಿಗೂ ಗೋಡೆ ನೆನಪಾಗುತ್ತದೆ, ಇವರು ಸಿಗುವುದಿಲ್ಲ. ಸಂದಿ ಪಕ್ಕದ ಮನೆಯವರ ಜೊತೆ ಹಂಚಿಕೊಂಡಿದ್ದರೆ ಮಣ್ಣು ತೆಗೆಯುವ ಮೊದಲು ಅವರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ. ನಮ್ಮ ಬಚ್ಚಲ ಗೋಡೆಯ ಕೆಲಸ ಇನ್ನೂ ಬಾಕಿ ಇದೆ. ಅದು ನೆಲದ ನೀರಲ್ಲ, ಪೈಪ್ ಜಾಯಿಂಟಿನ ಸೋರಿಕೆ ಅಂತ ಕಾಕಾ ಆಗಲೇ ತೋರಿಸಿದ್ದಾರೆ. ಅದಕ್ಕೆ ಮೊದಲು ಪ್ಲಂಬರ್ ಬರಬೇಕು.